ಮೈಕೊರೈಝಾ ಹಾಕಿದರೂ ಸಸಿ ಏಳುತ್ತಿಲ್ಲವೇ? ನರ್ಸರಿಯಲ್ಲಿ ದೋಷ ಹುಡುಕುವ ಕೈಪಿಡಿ

ಗೊಬ್ಬರದ ಅಂಗಡಿಯಲ್ಲಿ ‘ವ್ಯಾಮ್’ ಎಂದು ಕೇಳಿದರೆ ಕೊಡುವ ಕಂದು ಬಣ್ಣದ ಪುಡಿಯೇ ಮೈಕೊರೈಝಾ. ಈ ಶಿಲೀಂಧ್ರ ಸಸಿಯ ಬೇರಿನೊಳಗೆ ನೆಲೆಸಿ, ಅಲ್ಲಿಂದ ಮಣ್ಣಿಗೆ ಸಣ್ಣ ಎಳೆಗಳನ್ನು ಬಿಡುತ್ತದೆ. ಸಸಿಗೆ ಬೇಕಾದ ರಂಜಕ (ಫಾಸ್ಫರಸ್) ಮಣ್ಣಿನಲ್ಲಿ ಬಹಳ ನಿಧಾನವಾಗಿ ಚಲಿಸುತ್ತದೆ. ಬೇರಿನ ಸುತ್ತ ಒಂದೆರಡು ಮಿಲಿಮೀಟರ್‌ನಷ್ಟು ಜಾಗದ ರಂಜಕ ಮುಗಿದರೆ ಬೇರು ಅಲ್ಲೇ ಖಾಲಿ ಕುಳಿತಿರುತ್ತದೆ. ಶಿಲೀಂಧ್ರದ ಎಳೆ ಅದಕ್ಕಿಂತ ಹಲವು ಸೆಂಟಿಮೀಟರ್ ಆಚೆಗೆ ಹೋಗಿ ತರುತ್ತದೆ, ಬದಲಿಗೆ ಸಸಿಯಿಂದ ಸಕ್ಕರೆ ಪಡೆಯುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಹಿಡಿದಿಟ್ಟುಕೊಳ್ಳುವುದರಿಂದ ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆಯ ನರ್ಸರಿಗಳಿಗೆ ಇದರ ಬೆಲೆ ಇನ್ನೂ ಹೆಚ್ಚು.

ಆದರೆ ಇದು ಗೊಬ್ಬರವಲ್ಲ, ಜೀವ. ಜೀವಂತ ಬೇರು ಸಿಕ್ಕದೆ ಬೆಳೆಯುವುದಿಲ್ಲ. ಬೇರಿಗೆ ತಾಗದಿದ್ದರೆ, ಔಷಧಿ ಬಿದ್ದರೆ, ರಂಜಕ ಉಕ್ಕಿ ಹರಿಯುತ್ತಿದ್ದರೆ ಕೆಲಸ ಮಾಡುವುದಿಲ್ಲ. ನರ್ಸರಿಗಳಿಂದ ಬರುವ ದೂರುಗಳಲ್ಲಿ ಹೆಚ್ಚಿನವು ಪುಡಿಯ ದೋಷವಲ್ಲ, ಅದರ ಸುತ್ತ ನಾವು ಮಾಡುವ ಉಪಚಾರದ ದೋಷ. ಆದ್ದರಿಂದ ಖರ್ಚಿಲ್ಲದೆ ಕಣ್ಣಿಂದಲೇ ನೋಡಬಹುದಾದುದರಿಂದ ಶುರು ಮಾಡಿ. ಲ್ಯಾಬ್ ಕೊನೆಗೆ.

ಹಾಕಿದ ಸಾಲಿಗೂ ಹಾಕದ ಸಾಲಿಗೂ ವ್ಯತ್ಯಾಸವೇ ಇಲ್ಲ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು. ಒಂದೊಂದಾಗಿ ನೋಡುತ್ತಾ ಬನ್ನಿ.

ಮೊದಲನೆಯದು ದಿನದ ಲೆಕ್ಕ. ಶಿಲೀಂಧ್ರ ಬೇರಿನೊಳಗೆ ಸೇರಿ ಹರಡಲು 3ರಿಂದ 6 ವಾರ ಬೇಕು. ಸಸಿಯ ಎತ್ತರದಲ್ಲೋ ಕಾಂಡದ ದಪ್ಪದಲ್ಲೋ ಅದು ಕಾಣಲು 2ರಿಂದ 4 ತಿಂಗಳು. ಮೊದಲ ತಿಂಗಳಲ್ಲಿ ಹಾಕಿದ ಸಸಿಯೇ ತುಸು ಹಿಂದೆ ಬಿದ್ದಂತೆ ಕಾಣುವುದೂ ಉಂಟು, ಏಕೆಂದರೆ ಆಗ ಸಸಿ ಶಿಲೀಂಧ್ರವನ್ನು ಸಾಕುತ್ತಿರುತ್ತದೆ. ನೆರಳು ಗಾಢವಾಗಿದ್ದರೆ ಸಸಿಯಲ್ಲಿ ಸಕ್ಕರೆಯೇ ಕಡಿಮೆ, ಹಾಗಾಗಿ ಈ ಹಂತ ಇನ್ನೂ ಎಳೆಯುತ್ತದೆ. ಬೇರು ಕೊಟ್ಟ ಸಸಿಗಳಿಗೆ ಚಪ್ಪರದ ನೆರಳನ್ನು ಹಂತ ಹಂತವಾಗಿ ತೆಳು ಮಾಡಿ.

ಎರಡನೆಯದು ಮರದ ಜಾತಿ. ತೇಗ, ಹೆಬ್ಬೇವು, ಮಹಾಗನಿ, ಬೀಟೆ, ಹೊನ್ನೆ, ನೇರಳೆ, ಕಾಫಿ, ಕಾಳುಮೆಣಸು ಇವೆಲ್ಲ ವ್ಯಾಮ್ ಶಿಲೀಂಧ್ರದೊಂದಿಗೆ ಒಗ್ಗುವಂಥವು. ಸಿಲ್ವರ್ ಓಕ್ ಹಾಗಲ್ಲ. ಅದು ಸೇರಿದ ಪ್ರೋಟಿಯೇಸಿ ಕುಟುಂಬದ ಮರಗಳು ಸಾಮಾನ್ಯವಾಗಿ ಮೈಕೊರೈಝಾವನ್ನು ನೆಚ್ಚಿ ಬದುಕುವುದಿಲ್ಲ. ಬಾಟಲಿ ತೊಳೆಯುವ ಬ್ರಷ್‌ನಂತೆ ಒತ್ತೊತ್ತಾದ ಬೇರಿನ ಗೊಂಚಲು ಬಿಟ್ಟು, ಆಮ್ಲ ಸ್ರವಿಸಿ, ರಂಜಕವನ್ನು ತಾವೇ ಕರಗಿಸಿಕೊಳ್ಳುತ್ತವೆ. ಸಸಿ ಬೆಳೆಸುವ ಪ್ಲಾಸ್ಟಿಕ್ ಕವರ್ ಹರಿದಾಗ ಈ ಗೊಂಚಲು ಕಂಡು ರೋಗವೆಂದು ಔಷಧಿ ಹೊಯ್ಯುವವರಿದ್ದಾರೆ. ಅದು ಆರೋಗ್ಯದ ಗುರುತು, ಮುಟ್ಟಬೇಡಿ. ಈ ಮರಕ್ಕೆ ರಂಜಕ ಹೆಚ್ಚಾದರೆ ಎಲೆಯ ಅಂಚು ಸುಡುವುದೂ ಉಂಟು. ಕಾಫಿ ತೋಟಗಳಿಗಾಗಿ ಸಾವಿರಾರು ಸಿಲ್ವರ್ ಓಕ್ ಸಸಿ ಎಬ್ಬಿಸುವವರು ವ್ಯಾಮ್ ಖರ್ಚನ್ನು ಅದರ ಮೇಲೆ ಹಾಕದೆ ಹೆಬ್ಬೇವು, ಮಹಾಗನಿ ಸಸಿಗಳಿಗೆ ತಿರುಗಿಸುವುದು ಒಳ್ಳೆಯದು.

ದೂಪ, ಕಿರಾಲಬೋಗಿಯಂಥ ಪಶ್ಚಿಮಘಟ್ಟದ ಮರಗಳಿಗೆ ಬೇಕಾದದ್ದು ಬೇರೆಯೇ ಗುಂಪಿನ ಶಿಲೀಂಧ್ರ. ಅದು ಬೇರಿನ ಹೊರಗೆ ಕವಚದಂತೆ ಸುತ್ತಿಕೊಳ್ಳುತ್ತದೆ. ವ್ಯಾಮ್ ಪುಡಿ ಅದರ ಕೆಲಸ ಮಾಡದು. ನೀಲಗಿರಿ ಎರಡೂ ಗುಂಪಿನೊಂದಿಗೆ ಬಾಳುತ್ತದೆ.

ಮೂರನೆಯದು ಹಾಕಿದ ಜಾಗ. ಕವರಿನ ಮೇಲ್ಮಣ್ಣಿಗೆ ಉದುರಿಸಿ ನೀರು ಕೊಟ್ಟರೆ ಸಾಲದು. ಬೀಜಾಣು ನೀರಿನೊಂದಿಗೆ ಆಳಕ್ಕೆ ಇಳಿಯುವುದು ಕಡಿಮೆ. ಅದು ಕುಳಿತಲ್ಲಿಗೆ ಹೊಸ ಬೇರು ಬಂದು ತಾಗಬೇಕು. ಸರಿಯಾದ ಕ್ರಮ ಹೀಗಿದೆ:

1. ಸಸಿಮಡಿಯಲ್ಲಾದರೆ ಬೀಜ ಕೂರುವ ಮಟ್ಟಕ್ಕಿಂತ 2ರಿಂದ 3 ಸೆಂ.ಮೀ. ಕೆಳಗೆ, ಚದರ ಮೀಟರಿಗೆ 100 ಗ್ರಾಂ ಲೆಕ್ಕದಲ್ಲಿ ತೆಳುವಾಗಿ ಹರಡಿ, ಮಣ್ಣು ಮುಚ್ಚಿ, ಮೇಲೆ ಬೀಜ ಬಿತ್ತಿ.
2. ಕವರಿಗೆ ಸಸಿ ದಾಟಿಸುವಾಗ ಕಡ್ಡಿಯಿಂದ ಗುಳಿ ಮಾಡಿ, ಒಳಗೆ 5ರಿಂದ 10 ಗ್ರಾಂ ಹಾಕಿ, ಬೇರು ಪುಡಿಯ ಮೇಲೇ ಕೂರುವಂತೆ ಸಸಿ ಇಟ್ಟು ಮಣ್ಣು ಒತ್ತಿ. ಕವರಿಗೆ 5 ಗ್ರಾಂ ಎಂದರೆ 1000 ಕವರಿಗೆ 5 ಕೆ.ಜಿ. ಬೇಕು. ಆಳುಗಳ ಕೈಯಲ್ಲಿ ಚಿಟಿಕೆ ಹಾಕಿಸಿದರೆ 1 ಗ್ರಾಂ ಕೂಡ ಬೀಳುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ, ಅಷ್ಟೇ ಹಿಡಿಯುವ ಬಾಟಲಿ ಮುಚ್ಚಳವೊಂದನ್ನು ಅಳತೆಗೆ ಕೊಡಿ.
3. ಮೆಣಸಿನ ಬಳ್ಳಿ ತುಂಡು ನೆಡುವಾಗ ಬೇರು ಬರುವ ಗೆಣ್ಣಿನ ಸುತ್ತ ಪುಡಿ ಇರಲಿ.
4. ಈಗಾಗಲೇ ಕವರಿನಲ್ಲಿರುವ ಸಸಿಗೆ ತಡವಾಗಿ ಹಾಕಲೇಬೇಕಾದರೆ, ಅಂಚಿನಲ್ಲಿ ಪೆನ್ಸಿಲ್ ದಪ್ಪದ ಎರಡು ಮೂರು ತೂತು ಮಾಡಿ ಬೇರಿನ ಮಟ್ಟಕ್ಕೆ ಇಳಿಸಿ. ಫಲ ಅರ್ಧಂಬರ್ಧ ಎಂಬುದು ತಿಳಿದಿರಲಿ.

ನಾಲ್ಕನೆಯದು ಕಾಡು ಮಣ್ಣು. ಕಾಫಿ ನರ್ಸರಿಯ ವಾಡಿಕೆಯಂತೆ 6 ಪಾಲು ಕಾಡು ಮಣ್ಣು, 2 ಪಾಲು ಕಳಿತ ಕೊಟ್ಟಿಗೆ ಗೊಬ್ಬರ, 1 ಪಾಲು ಮರಳು ಬೆರೆಸಿದ್ದರೆ ಆ ಮಣ್ಣಿನಲ್ಲಿಯೇ ಸ್ಥಳೀಯ ಮೈಕೊರೈಝಾ ಇರುತ್ತದೆ. ಹೊರಗಿನಿಂದ ಹಾಕಿದ್ದರ ಲಾಭ ಅಲ್ಲಿ ಎದ್ದು ಕಾಣದಿರುವುದು ಸಹಜ. ಕೊಕೊಪಿಟ್ (ತೆಂಗಿನ ನಾರಿನ ಪುಡಿ) ತುಂಬಿದ ರೂಟ್ ಟ್ರೈನರ್ ಎಂಬ ಸಸಿ ಬಟ್ಟಲು, ಬಿಸಿಲಿಗೆ ಕಾಯಿಸಿದ ಮಣ್ಣು, ಕೆರೆ ಹೂಳು, ಅಡಿಪಾಯ ತೋಡಿದ ಆಳದ ಕೆಂಪು ಮಣ್ಣು ಇವುಗಳಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಇನ್ನು, ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಮಣ್ಣು ತೆಗೆಯುವುದು ಅಪರಾಧ. ಆ ಮಣ್ಣಿನೊಂದಿಗೆ ಬೇರುಕೊಳೆ ರೋಗಾಣು, ಬೇರು ತಿನ್ನುವ ಜಂತುಹುಳುಗಳೂ (ನೆಮಟೋಡ್) ನರ್ಸರಿಗೆ ಬರುತ್ತವೆ.

ಇಷ್ಟನ್ನೂ ನೋಡಿ ಅನುಮಾನ ಉಳಿದರೆ, ಮುಂದಿನ ಸಲ ಪ್ರತಿ ಜಾತಿಯಲ್ಲೂ 20 ಕವರ್‌ಗಳನ್ನು ಪುಡಿ ಹಾಕದೆ ಬಿಟ್ಟು ಬಣ್ಣದ ದಾರ ಕಟ್ಟಿಡಿ. ಹೋಲಿಸಲು ಸಾಲು ಇಲ್ಲದಿದ್ದರೆ ಲಾಭವೂ ನಷ್ಟವೂ ಬರೀ ಊಹೆ.

ಎಲೆ ನೇರಳೆಗೆ ತಿರುಗಿದೆ, ಸಸಿ ಕುಳ್ಳಾಗಿ ನಿಂತಿದೆ

ಕೆಳಗಿನ ಹಳೆಯ ಎಲೆಯನ್ನು ಮಗುಚಿ ನೋಡಿ. ನರದ ಅಕ್ಕಪಕ್ಕ ಕೆಂಪು ಮಿಶ್ರಿತ ನೇರಳೆ, ಮೇಲ್ಭಾಗ ಮಂಕಾದ ಕಡು ಹಸಿರು, ಎಲೆ ಚಿಕ್ಕದು, ಕಾಂಡ ಸಣಕಲು: ಇದು ರಂಜಕದ ಕೊರತೆ. ಚಿಗುರೆಲೆ ಮಾತ್ರ ಕೆಂಪಾಗಿದ್ದರೆ ಅದು ಆ ಜಾತಿಯ ಗುಣ, ಕೊರತೆಯಲ್ಲ. ಮಹಾಗನಿ, ನೇರಳೆ ಚಿಗುರುವುದೇ ಹಾಗೆ.

ಈ ಲಕ್ಷಣ ಮಣ್ಣು ಕಾಯಿಸಿದ ಮೇಲೆ ಬಂದಿದೆಯೇ ಎಂದು ಕೇಳಿಕೊಳ್ಳಿ. ಬೇಸಿಗೆಯಲ್ಲಿ ಪಾರದರ್ಶಕ ಪಾಲಿಥಿನ್ ಹೊದಿಸಿ 4ರಿಂದ 6 ವಾರ ಕಾಯಿಸಿದರೆ ರೋಗಾಣುಗಳ ಜೊತೆಗೆ ಮೈಕೊರೈಝಾವೂ ಕುಗ್ಗುತ್ತದೆ. ಆ ಮಣ್ಣಿನಲ್ಲಿ ಗೊಬ್ಬರ ಇದ್ದರೂ ಸಸಿ ನೇರಳೆಯಾಗಿ ನಿಲ್ಲುತ್ತದೆ. ಮಣ್ಣಿಗೆ ವಿಷಾನಿಲ ಹಾಯಿಸಿ ಶುದ್ಧ ಮಾಡಿದ ಕಿತ್ತಳೆ, ನಿಂಬೆ ಜಾತಿಯ ನರ್ಸರಿಗಳಲ್ಲಿ ಸಸಿ ಕುಂಠಿತವಾದದ್ದಕ್ಕೆ ಈ ಶಿಲೀಂಧ್ರ ನಾಶವೇ ಕಾರಣವೆಂದು 1970ರ ದಶಕದಲ್ಲೇ ತೋರಿಸಲಾಗಿದೆ. ಕಾಯಿಸಿದ ಮಣ್ಣಿಗೆ ಪುಡಿ ಹಾಕುವುದು ಐಚ್ಛಿಕವಲ್ಲ, ಹಾಕಲೇಬೇಕು.

ಇಲ್ಲಿ ಬಹುತೇಕರು ಕೈ ಹಾಕುವುದು ಡಿಎಪಿ ಚೀಲಕ್ಕೆ. ಅಲ್ಲೇ ದಾರಿ ತಪ್ಪುವುದು. ಡಿಎಪಿಯಲ್ಲಿ ಶೇ. 46ರಷ್ಟು ರಂಜಕ (P₂O₅ ಲೆಕ್ಕದಲ್ಲಿ) ಇದೆ, ಅದರಲ್ಲಿ ಬಹುಪಾಲು ನೀರಿನಲ್ಲಿ ಕರಗುವಂಥದ್ದು. ಬೇರಿನ ಬಾಯಿಗೇ ರಂಜಕ ಸಿಕ್ಕರೆ ಸಸಿ ಶಿಲೀಂಧ್ರಕ್ಕೆ ಸಕ್ಕರೆ ಕೊಡುವುದನ್ನು ನಿಲ್ಲಿಸುತ್ತದೆ, ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಎಲೆ ಎರಡು ವಾರದಲ್ಲಿ ಹಸಿರಾಗುತ್ತದೆ, ನರ್ಸರಿಯವರಿಗೆ ಸಮಾಧಾನವಾಗುತ್ತದೆ. ಆದರೆ ತೋಟಕ್ಕೆ ಹೋದ ಮೇಲೆ ಡಿಎಪಿ ಇಲ್ಲ, ಶಿಲೀಂಧ್ರವೂ ಇಲ್ಲ, ಸಸಿ ಮೊದಲ ಬೇಸಿಗೆಗೇ ಸೊರಗುತ್ತದೆ. ಅದರ ಬೆಲೆ ತೆರುವವರು ಸಸಿ ಕೊಂಡ ರೈತರು. ಈ ಒಂದು ಕಾರಣಕ್ಕಾದರೂ ನರ್ಸರಿಯಲ್ಲಿ ರಂಜಕದ ಕೈ ಬಿಗಿ ಇರಬೇಕು.

ಮಿಶ್ರಣಕ್ಕೆ ಡಿಎಪಿ, ಸೂಪರ್ ಫಾಸ್ಫೇಟ್ ಬೆರೆಸುವುದನ್ನು ಬಿಡಿ. ಕೋಳಿ ಗೊಬ್ಬರದಲ್ಲೂ ರಂಜಕ ಹೆಚ್ಚು, ಅದರ ಬದಲು ಕಳಿತ ಕೊಟ್ಟಿಗೆ ಗೊಬ್ಬರ ಬಳಸಿ. ಮಣ್ಣು ಹುಳಿಯಾಗಿದ್ದರೆ ಸ್ವಲ್ಪ ರಾಕ್ ಫಾಸ್ಫೇಟ್ ಸಾಕು. ಅದು ಮೆಲ್ಲಗೆ ಕರಗುವುದರಿಂದ ಶಿಲೀಂಧ್ರವನ್ನು ಓಡಿಸುವುದಿಲ್ಲ. ಅರಸೀಕೆರೆ, ಕಡೂರಿನ ಕಡೆಯ ಸುಣ್ಣದಂಶದ ಮಣ್ಣಿನಲ್ಲಿ ರಾಕ್ ಫಾಸ್ಫೇಟ್ ಕರಗುವುದೇ ಇಲ್ಲ, ಅಲ್ಲಿ ದುಡ್ಡು ದಂಡ. ಈಗಾಗಲೇ ಡಿಎಪಿ ಬಿದ್ದ ಮಿಶ್ರಣವಾದರೆ, ರಂಜಕವಿಲ್ಲದ ಹೊಸ ಮಣ್ಣು, ಮರಳು ಬೆರೆಸಿ ತೆಳುವಾಗಿಸಿ ಮತ್ತೊಂದು ಮಡಿಗೆ ಬಳಸಿ.

ಎಲೆ ಹಳದಿಯಾಗುತ್ತಿದೆ

ಹಳದಿಗೆ ಮೈಕೊರೈಝಾ ಕಾರಣವಾಗುವುದು ಅಪರೂಪ. ಹಳೆಯ ಎಲೆ ಪೂರ್ತಿ ಮಾಸಲು ಹಳದಿಯಾದರೆ ಸಾರಜನಕ ಸಾಲದು. ಗೊಬ್ಬರ ಸರಿಯಾಗಿ ಕಳಿಯದಿದ್ದರೂ, ಮರದ ಹೊಟ್ಟು ಬೆರೆಸಿದ್ದರೂ ಹೀಗಾಗುತ್ತದೆ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ ಸಿಗುತ್ತಿಲ್ಲ. ಬಯಲುಸೀಮೆಯಲ್ಲಿ ಗಡಸು ಬೋರ್‌ವೆಲ್ ನೀರು ಹಾಯಿಸಿ ಕವರಿನ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಇದೇ ಕಥೆ. ಮಳೆ ನೀರು ಅಥವಾ ಕೆರೆ ನೀರಿಗೆ ಬದಲಿಸಿ ನೋಡಿ. ಕೊಕೊಪಿಟ್ ಆದರೆ ತೊಳೆದ, ಇಸಿ (ಉಪ್ಪಿನಂಶದ ಅಳತೆ) 0.5 mS/cmಗಿಂತ ಕಡಿಮೆ ಇರುವ ಮಾಲನ್ನೇ ಕೊಳ್ಳಿ. ಉಪ್ಪಿನ ಪಿಟ್‌ನಲ್ಲಿ ಬೇರಿಗೂ ಶಿಲೀಂಧ್ರಕ್ಕೂ ಉಸಿರಿಲ್ಲ.

ಶ್ರೀಗಂಧದ ಸಸಿ ಹಳದಿಯಾದರೆ ಮೊದಲು ಪಕ್ಕದ ಆಸರೆ ಗಿಡವನ್ನು ಹುಡುಕಿ. ಶ್ರೀಗಂಧ ಅರೆ ಪರಾವಲಂಬಿ, ಬೇರೆ ಗಿಡದ ಬೇರಿಗೆ ಬೇರು ಹೆಣೆದು ಆಹಾರ ಪಡೆಯುತ್ತದೆ. ಕವರಿನಲ್ಲಿ ತೊಗರಿಯಂಥ ಗಿಡ ಇಲ್ಲದಿದ್ದರೆ ಎಷ್ಟು ವ್ಯಾಮ್ ಹಾಕಿದರೂ ಅದು ಏಳುವುದಿಲ್ಲ. ತೊಗರಿ ಮೇಲೆದ್ದು ನೆರಳು ಮಾಡಿದರೆ ಸವರಿ, ಕೀಳಬೇಡಿ.

ಮಣ್ಣಿನ ಮೇಲೆ ಬಿಳಿ ಬೂಷ್ಟು, ಅಣಬೆ

‘ವ್ಯಾಮ್ ಬಂದಿದೆ’ ಎಂದು ಖುಷಿಪಡುವವರೂ ಇದ್ದಾರೆ, ಹೆದರಿ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಯ್ಯುವವರೂ ಇದ್ದಾರೆ. ಎರಡೂ ಬೇಡ. ವ್ಯಾಮ್ ಶಿಲೀಂಧ್ರ ಬರಿಗಣ್ಣಿಗೆ ಕಾಣುವುದಿಲ್ಲ, ಅಣಬೆಯನ್ನೂ ಬಿಡುವುದಿಲ್ಲ. ಮೇಲೆ ಹತ್ತಿಯಂತೆ ಹಬ್ಬಿರುವುದು ಕಳಿಯದ ಗೊಬ್ಬರ ತಿನ್ನುವ ಬೂಷ್ಟು. ಮೇಲ್ಮಣ್ಣು ಕೆದಕಿ, ನೀರು ಒಂದು ದಿನ ತಪ್ಪಿಸಿದರೆ ಹೋಗುತ್ತದೆ.

ಬರಿಗಣ್ಣಿಗೆ ಕಾಣುವುದು ಬೇರಿನ ಹೊರಗೆ ಕವಚ ಕಟ್ಟುವ ಗುಂಪು. ನೀಲಗಿರಿ ಸಸಿಯೊಂದರ ಬೇರನ್ನು ಬಕೆಟ್ ನೀರಿನಲ್ಲಿ ಅಲುಗಿಸಿ ತೊಳೆದು, ಬಿಳಿ ತಟ್ಟೆಯಲ್ಲಿ ನೀರಿನಲ್ಲಿ ತೇಲಿಸಿ. ಮಾಮೂಲಿ ಬೇರಿನ ತುದಿ ಸಣ್ಣಗೆ, ಉದ್ದಕ್ಕೆ, ರೋಮದಿಂದ ಕೂಡಿರುತ್ತದೆ. ಶಿಲೀಂಧ್ರ ಕೂತ ತುದಿ ಗಿಡ್ಡ, ಉಬ್ಬಿದ್ದು, ರೋಮವಿಲ್ಲದ್ದು; ಮೇಲೆ ಬಿಳಿ ಅಥವಾ ಸಾಸಿವೆ ಹಳದಿಯ ತೆಳು ಕವಚ, ಅದರಿಂದ ಮಣ್ಣಿನ ಕಣಗಳಿಗೆ ಹಬ್ಬಿದ ನೂಲು. ಇಂಥ ಮಡಿಯಲ್ಲಿ ಪಫ್‌ಬಾಲ್‌ನಂಥ ಉಂಡೆ ಅಣಬೆ ಎದ್ದರೆ ಅದು ಒಳ್ಳೆಯ ಗುರುತು. ಆದರೆ ನರ್ಸರಿಯ ಅಣಬೆಯನ್ನು ಯಾರೂ ತಿನ್ನಬಾರದು. ಇದೇ ಗುಂಪಿನ ಉಂಡೆ ಅಣಬೆಗಳಲ್ಲಿ ವಿಷದವೂ ಇವೆ. ಕೆಲಸಕ್ಕೆ ಬರುವವರಿಗೂ, ಅವರ ಮಕ್ಕಳಿಗೂ ಇದನ್ನು ಹೇಳಿಡಿ.

ಸಸಿ ಬುಡದಲ್ಲಿ ಕೊಳೆತು ಬೀಳುತ್ತಿದೆ

ಇಲ್ಲಿ ಮೈಕೊರೈಝಾ ವಿಚಾರ ಪಕ್ಕಕ್ಕಿಡಿ. ಮಣ್ಣಿನ ಮಟ್ಟದಲ್ಲಿ ಕಾಂಡ ಕಂದಾಗಿ, ಸಣ್ಣಗಾಗಿ, ಸಸಿ ಮಗುಚಿದರೆ ಬುಡಕೊಳೆ ರೋಗ. ನೀರು ನಿಲ್ಲುವುದು, ಒತ್ತಾಗಿ ಬಿತ್ತುವುದು, ಕವರಿನ ತೂತು ಮುಚ್ಚಿರುವುದು ಕಾರಣ. ಮೊದಲು ನೀರು ಕಡಿಮೆ ಮಾಡಿ, ಸತ್ತವನ್ನು ಮಣ್ಣಿನ ಸಮೇತ ಹೊರಗೆ ಹಾಕಿ, ಕವರ್‌ಗಳ ನಡುವೆ ಗಾಳಿ ಆಡಲಿ. ನೀರು ನಿಂತ ಮಣ್ಣಿನಲ್ಲಿ ಗಾಳಿ ಬೇಕಾದ ಮೈಕೊರೈಝಾವೂ ಸಾಯುತ್ತದೆ.

ಔಷಧಿ ಅನಿವಾರ್ಯವಾದರೆ ಯಾವುದೆಂದು ನೋಡಿ ಹಾಕಿ. ಕಾರ್ಬೆಂಡಜಿಮ್ ಗುಂಪಿನ ಔಷಧಿ ಬುಡಕ್ಕೆ ಹೊಯ್ದರೆ ಮೈಕೊರೈಝಾಗೆ ದೊಡ್ಡ ಪೆಟ್ಟು. ತಾಮ್ರದ ಔಷಧಿ ಎಲೆಗೆ ಸಿಂಪಡಿಸುವುದು ಬೇರೆ, ಕವರಿಗೆ ಮತ್ತೆ ಮತ್ತೆ ಹೊಯ್ಯುವುದು ಬೇರೆ. ತಾಮ್ರ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಮೆಣಸಿನ ಸೊರಗು ರೋಗದ ಫೈಟೊಫ್ತೋರ ನಿಜವಾದ ಶಿಲೀಂಧ್ರವಲ್ಲದ ಕಾರಣ ಅದಕ್ಕೆ ಹಾಕುವ ಮೆಟಲಾಕ್ಸಿಲ್‌ನಿಂದ ಮೈಕೊರೈಝಾಗೆ ತೊಂದರೆ ಕಡಿಮೆ, ಆದರೆ ಅಂಗಡಿಯಲ್ಲಿ ಸಿಗುವ ಪ್ಯಾಕೆಟ್‌ನಲ್ಲಿ ಹೆಚ್ಚಾಗಿ ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕವೂ ಸೇರಿರುತ್ತದೆ. ಲೇಬಲ್ ಓದಿ. ಬುಡಕ್ಕೆ ಔಷಧಿ ಬಿದ್ದ ಮೇಲೆ 2ರಿಂದ 3 ವಾರ ಬಿಟ್ಟು ಪುಡಿ ಹಾಕಿ. ಔಷಧಿ ಲೇಪಿಸಿದ ಬೀಜವಾದರೆ ಮಡಿಯಲ್ಲಿ ಹಾಕದೆ ಕವರಿಗೆ ದಾಟಿಸುವಾಗ ಹಾಕಿ. ರೋಗಾಣು ತಡೆಯುವ ಟ್ರೈಕೊಡರ್ಮಾ ಶಿಲೀಂಧ್ರವನ್ನು ಗೊಬ್ಬರಕ್ಕೆ ಮೊದಲೇ ಬೆರೆಸಿ ಕಳಿಯಲು ಬಿಟ್ಟಿದ್ದರೆ, ನೆಡುವಾಗ ವ್ಯಾಮ್ ಹಾಕಲು ಅಡ್ಡಿಯಿಲ್ಲ.

ಔಷಧಿ ಕೆಲಸಕ್ಕೆ ಕೈಗವಸು, ಮಾಸ್ಕ್ ಬೇಕೇ ಬೇಕು. ಒಣ ಗೊಬ್ಬರ, ವ್ಯಾಮ್ ಪುಡಿ ಬೆರೆಸುವಾಗಲೂ ಧೂಳು ಏಳದಂತೆ ತುಸು ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ. ಆಸ್ತಮಾ ಇರುವವರು ಈ ಕೆಲಸಕ್ಕೆ ಬೇಡ.

ಕಾಯಿಲೆ ದಿನದಿಂದ ದಿನಕ್ಕೆ ಪಕ್ಕದ ಸಾಲಿಗೆ ಹಬ್ಬುತ್ತಿದ್ದರೆ, ಅಥವಾ ಮೆಣಸಿನ ಎಲೆಯಲ್ಲಿ ಕಪ್ಪು ಮಚ್ಚೆ ಬಂದು ಬಳ್ಳಿ ಉದುರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಆ ಮಡಿಯ ಸಸಿ ಮಾರಬೇಡಿ, ಮಣ್ಣು ಬೇರೆಡೆ ಬಳಸಬೇಡಿ, ತಜ್ಞರನ್ನು ಕರೆಸಿ.

ಬೇರಿನಲ್ಲಿ ಗಂಟು

ಉಗುರಿನಿಂದ ಉಜ್ಜಿ. ಬೇರಿನ ಪಕ್ಕಕ್ಕೆ ಅಂಟಿಕೊಂಡು ಸುಲಭವಾಗಿ ಕಳಚಿ, ಒಳಗೆ ಗುಲಾಬಿ ಬಣ್ಣವಿದ್ದರೆ ಸಾರಜನಕ ಕಟ್ಟುವ ಬ್ಯಾಕ್ಟೀರಿಯಾದ ಗಂಟು, ಬೀಟೆ, ಹೊನ್ನೆಯಲ್ಲಿ ಒಳ್ಳೆಯದು. ಗಾಳಿಮರದಲ್ಲಿ ಹವಳದಂತೆ ಕವಲೊಡೆದ ಗಂಟು ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾದ್ದು, ಅದೂ ಒಳ್ಳೆಯದು. ಬೇರೇ ಊದಿಕೊಂಡು, ಕಳಚದೆ, ಮಣಿಸರದಂತಿದ್ದರೆ ಜಂತುಹುಳು. ಮೈಕೊರೈಝಾ ಅದರ ಹಾನಿಯನ್ನು ತಗ್ಗಿಸಬಹುದೇ ಹೊರತು ಬಂದ ಹುಳುವನ್ನು ಓಡಿಸದು. ಅಂಥ ಸಸಿ ತೋಟಕ್ಕೆ ಹೋಗಬಾರದು.

ಪುಡಿಯ ಮೇಲೆಯೇ ಅನುಮಾನ

ಮೊದಲು ಚೀಲದ ಮೇಲಿನ ತಯಾರಿಕೆ ದಿನಾಂಕ, ಅವಧಿ ನೋಡಿ. ಮೈಕೊರೈಝಾ ಗೊಬ್ಬರದ ಗುಣಮಟ್ಟವನ್ನು ರಸಗೊಬ್ಬರ ನಿಯಂತ್ರಣ ಆದೇಶ ನಿಗದಿಪಡಿಸಿದೆ. ಇಟ್ಟ ಜಾಗವೂ ಮುಖ್ಯ. ತಗಡಿನ ಶೆಡ್ಡಿನಲ್ಲಿ, ರಸಗೊಬ್ಬರ, ಔಷಧಿಗಳ ಪಕ್ಕ ಬೇಸಿಗೆ ಕಳೆದ ಚೀಲವನ್ನು ನಂಬಬೇಡಿ. ಒಣಗಿದ, ತಂಪಾದ, ನೆರಳಿನ ಕೋಣೆಯಲ್ಲಿಡಿ.

ಜೀವ ಇದೆಯೇ ಎಂದು ತಿಳಿಯಲು ರಾಗಿ ಪರೀಕ್ಷೆ ಸಾಕು. ಆಳದ ಕೆಂಪು ಮಣ್ಣು, ಮರಳು ಸಮನಾಗಿ ಬೆರೆಸಿ ಒದ್ದೆ ಮಾಡಿ, ಹಳೆಯ ಕುಕ್ಕರಿನಲ್ಲಿ ಒಂದು ಗಂಟೆ ಬೇಯಿಸಿ ಆರಿಸಿ. ಆ ಕುಕ್ಕರು ಮತ್ತೆ ಅಡುಗೆಗೆ ಬೇಡ. ಆರು ಕವರ್ ತುಂಬಿ. ಮೂರಕ್ಕೆ ಬೀಜದ ಕೆಳಗೆ 10 ಗ್ರಾಂ ಪುಡಿ ಹಾಕಿ. ಇನ್ನು ಮೂರಕ್ಕೆ ಅದೇ ಪುಡಿಯನ್ನು ಬೇಯಿಸಿ 10 ಗ್ರಾಂ ಹಾಕಿ. ಪುಡಿಯ ಜೊತೆಗಿರುವ ಪೋಷಕಾಂಶ ಎರಡು ಕಡೆಯೂ ಒಂದೇ ಆದರೆ ಮಾತ್ರ ಹೋಲಿಕೆ ನ್ಯಾಯ. ಕವರಿಗೆ ಐದಾರು ರಾಗಿ ಕಾಳು ಬಿತ್ತಿ, ರಂಜಕ ಕೊಡದೆ, ಒಂದೇ ಬಿಸಿಲು ನೀರಿನಲ್ಲಿ 45 ದಿನ ಬೆಳೆಸಿ. ಜೀವಂತ ಪುಡಿಯ ರಾಗಿ ಎತ್ತರವಾಗಿ, ಹಸಿರಾಗಿ ಎದ್ದು, ಬೇಯಿಸಿದ ಪುಡಿಯ ರಾಗಿ ನೇರಳೆ ತಿರುಗಿ ನಿಂತರೆ ಮಾಲು ಸರಿ. ಎರಡೂ ಒಂದೇ ಥರ ಇದ್ದರೆ ಎರಡರ ಬೇರನ್ನೂ ಲ್ಯಾಬಿಗೆ ಕಳುಹಿಸಿ.

ಲ್ಯಾಬಿಗೆ ಕಳುಹಿಸುವಾಗ

ವ್ಯಾಮ್ ಬೇರಿಗೆ ಸೇರಿದೆಯೇ ಎಂದು ಖಚಿತವಾಗಿ ಹೇಳುವುದು ಬಣ್ಣ ಹಾಕಿದ ಬೇರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ. ಬೇರನ್ನು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಬಿಸಿ ಮಾಡಿ, ತೊಳೆದು, ಟ್ರಿಪಾನ್ ಬ್ಲೂ ಬಣ್ಣ ಹಾಕುತ್ತಾರೆ. ಆ ದ್ರಾವಣ ಚರ್ಮ, ಕಣ್ಣು ಸುಡುತ್ತದೆ, ಮನೆಯಲ್ಲಿ ಪ್ರಯತ್ನಿಸಬೇಡಿ.

ಬೇರೆ ಬೇರೆ ಜಾಗದ ಐದು ಸಸಿಗಳಿಂದ, ದಪ್ಪ ಬೇರು ಬಿಟ್ಟು ಎಳೆಯಂಥ ಬೇರುಗಳನ್ನೇ ಒಟ್ಟು 1 ಗ್ರಾಂನಷ್ಟು ಕತ್ತರಿಸಿ. ಮಣ್ಣು ಹೋಗುವಂತೆ ಮೆಲ್ಲಗೆ ತೊಳೆಯಿರಿ. ಅದೇ ದಿನ ಮುಟ್ಟಿಸುವುದಾದರೆ ಒದ್ದೆ ಕಾಗದದಲ್ಲಿ ಸುತ್ತಿ ತಂಪಾಗಿಡಿ, ತಡವಾಗುವುದಾದರೆ ಶೇ. 50ರ ಆಲ್ಕೋಹಾಲ್‌ನಲ್ಲಿ ಮುಳುಗಿಸಿ. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಜಾತಿ, ಪುಡಿ ಹಾಕಿದ ದಿನ, ಹಾಕಿದ ಗೊಬ್ಬರ, ಔಷಧಿ ಎಲ್ಲವೂ ಚೀಟಿಯಲ್ಲಿರಲಿ. ಅದೇ ಕವರ್‌ಗಳ 200 ಗ್ರಾಂ ಮಣ್ಣನ್ನು ರಂಜಕ, ಪಿಎಚ್ ಪರೀಕ್ಷೆಗೆ ಜೊತೆಗಿಡಿ. ಹಾಕದ ಸಾಲಿನ ಬೇರನ್ನೂ ಬೇರೆ ಪೊಟ್ಟಣದಲ್ಲಿ ಕಳುಹಿಸಿ.

ಚಿಕ್ಕಮಗಳೂರಿನವರಿಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ, ಹಾಸನದವರಿಗೆ ಕಂದಲಿಯ ಕೇಂದ್ರ ಹತ್ತಿರ. ಕಾಫಿ ಸಸಿಯ ವಿಚಾರಕ್ಕೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. ಬೇರಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆ ಎಲ್ಲ ಕಡೆಯೂ ಇರುವುದಿಲ್ಲ. ಮೊದಲು ಫೋನ್ ಮಾಡಿ ಕೇಳಿ, ಇಲ್ಲವೆಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಕೃಷಿ ಸೂಕ್ಷ್ಮಜೀವಿ ವಿಭಾಗವನ್ನು ವಿಚಾರಿಸಿ. ಫಲಿತಾಂಶ ಬರುವವರೆಗೆ ಆ ಮಡಿಗೆ ಬುಡ ಔಷಧಿ, ಡಿಎಪಿ ಎರಡೂ ಬೇಡ.